ಶಿಕ್ಷೆಗೆ ಮುಂಚಿನ ಒಂದು ತಿಂಗಳು: ಎಲ್ಮೈರಾ ಪ್ರಕರಣದ ಅಧ್ಯಯನ

ಹಿನ್ನೆಲೆ

ಕೆನಡಾದ ಒಂಟಾರಿಯೋ ಪ್ರಾಂತ್ಯದಲ್ಲಿ, ಕಿಚನರ್ ನಗರದ ಹತ್ತಿರ, ಎಲ್ಮೈರಾ ಎಂಬ ಸಣ್ಣ ಊರಿದೆ. 1974ರ ಮೇ ತಿಂಗಳ ಒಂದು ರಾತ್ರಿ ಇಬ್ಬರು ಯುವಕರು ಕುಡಿದ ಅಮಲಿನಲ್ಲಿ ಆ ಊರಿನ ಬೀದಿಗಳಲ್ಲಿ ಓಡಾಡಿ ಕಣ್ಣಿಗೆ ಬಿದ್ದದ್ದನ್ನೆಲ್ಲ ಹಾಳುಮಾಡಿದರು. ಇಬ್ಬರದೂ 18–19ರ ವಯಸ್ಸು. ಕಾರುಗಳ ಟಯರ್ ಸೀಳಿದರು. ಮನೆ, ಅಂಗಡಿ, ಕಾರುಗಳ ಗಾಜಿಗೆ ಕಲ್ಲು ತೂರಿದರು. ಯಾರದೋ ದೋಣಿಯನ್ನು ಬೀದಿಗೆ ಎಳೆದು ತೂತು ಮಾಡಿದರು. ಚರ್ಚಿನ ಮುಂದಿದ್ದ ಶಿಲುಬೆ ಮುರಿದರು. ರಸ್ತೆಯ ಸಿಗ್ನಲ್ ದೀಪವನ್ನೂ ಬಿಡಲಿಲ್ಲ. ಬೆಳಗಾಗುವಷ್ಟರಲ್ಲಿ 22 ಕಡೆ ಆಸ್ತಿ ಹಾಳಾಗಿತ್ತು. ಯಾರ ಮೈಗೂ ಪೆಟ್ಟು ಬಿದ್ದಿರಲಿಲ್ಲ.

ಇಬ್ಬರೂ ಬೇಗ ಸಿಕ್ಕಿಬಿದ್ದರು. ಬೇಕೆಂದೇ ಆಸ್ತಿ ಹಾಳುಮಾಡಿದ 22 ಆರೋಪಗಳು ಬಂದವು. ಎಲ್ಲವನ್ನೂ ಕೋರ್ಟಿನಲ್ಲಿ ಒಪ್ಪಿಕೊಂಡರು. ಸಾಕ್ಷಿ ವಿಚಾರಣೆಯ ಪ್ರಮೇಯವೇ ಬರಲಿಲ್ಲ. ಉಳಿದಿದ್ದು ಶಿಕ್ಷೆಯ ಪ್ರಶ್ನೆ ಮಾತ್ರ.

ರೆಸ್ಟೋರೇಟಿವ್ ಜಸ್ಟಿಸ್, ಅಂದರೆ ಆದ ಹಾನಿಯನ್ನು ಸರಿಪಡಿಸುವ ನ್ಯಾಯ, ಈಗ ಹಲವು ದೇಶಗಳ ಕಾನೂನಿನಲ್ಲಿದೆ. ನಮ್ಮ ಕಾಲದ ಕ್ರಿಮಿನಲ್ ಕೋರ್ಟಿನೊಳಗೆ ಅದು ಕಾಲಿಟ್ಟದ್ದು ಎಲ್ಮೈರಾದಿಂದ ಎಂದೇ ಈ ಕ್ಷೇತ್ರದವರು ಹೇಳುತ್ತಾರೆ. ಹಾಗಾಗಿ ಈ ಕಥೆ ಬಹಳ ಸಲ ಹೇಳಿಕೆಯಾಗಿದೆ. ಹೇಳುವವರು ಸಾಮಾನ್ಯವಾಗಿ ಕ್ಷಮೆ ಕೇಳಿದ ಗಳಿಗೆಯ ಮೇಲೆ ಜಾಸ್ತಿ ನಿಲ್ಲುತ್ತಾರೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ತಪ್ಪೊಪ್ಪಿಗೆಗೂ ಶಿಕ್ಷೆಗೂ ನಡುವೆ ಕೋರ್ಟು ಕೊಟ್ಟ ಒಂದು ತಿಂಗಳು. ಆ ಒಂದು ತಿಂಗಳು ಹೇಗೆ ಹುಟ್ಟಿತು, ಅದರಲ್ಲಿ ಏನು ನಡೆಯಿತು, ಏನು ನಡೆಯದೆ ಉಳಿಯಿತು ಎಂಬುದನ್ನು ಇಲ್ಲಿ ನೋಡೋಣ.

ಯುವಕರ ಹೆಸರನ್ನಾಗಲಿ, ಅಧಿಕಾರಿಗಳ ಹೆಸರನ್ನಾಗಲಿ ಬಳಸಿಲ್ಲ. ಯಾರು ಯಾವ ಹಂತದಲ್ಲಿ ಏನು ನಿರ್ಧಾರ ಮಾಡಿದರು ಎಂಬುದಷ್ಟೇ ನಮಗೆ ಬೇಕು.

ಸಮಸ್ಯೆ ಎಲ್ಲಿತ್ತು

ಆ ಕಾಲದ ಕೋರ್ಟಿನ ಕೈಯಲ್ಲಿ ಇದ್ದ ದಾರಿಗಳು ಕೆಲವೇ. ದಂಡ ಹಾಕಬಹುದಿತ್ತು. ಪ್ರೊಬೇಷನ್ ಮೇಲೆ, ಅಂದರೆ ಅಧಿಕಾರಿಯೊಬ್ಬರ ನಿಗಾದಲ್ಲಿ, ಬಿಡಬಹುದಿತ್ತು. ಜೈಲಿಗೆ ಕಳಿಸಬಹುದಿತ್ತು. 22 ಆರೋಪ ಎಂದರೆ ಸಣ್ಣ ಸಂಖ್ಯೆಯಲ್ಲ. ಒಂಟಾರಿಯೋದಲ್ಲಿ ಆಗ 16 ದಾಟಿದವರನ್ನು ವಯಸ್ಕರೆಂದೇ ವಿಚಾರಿಸುತ್ತಿದ್ದರು. ಆದ್ದರಿಂದ ಈ ಇಬ್ಬರಿಗೂ ಜೈಲಿನ ಭಯ ಸುಮ್ಮನೆ ಹುಟ್ಟಿದ್ದಲ್ಲ.

ಈ ಒಂದೊಂದು ದಾರಿಯಲ್ಲೂ ಏನಾಗುತ್ತಿತ್ತು ಎಂದು ಯೋಚಿಸಿ. ದಂಡ ಕಟ್ಟಿದರೆ ಹಣ ಸರ್ಕಾರಕ್ಕೆ ಹೋಗುತ್ತದೆ. ಗಾಜು ಒಡೆಸಿಕೊಂಡವರ ಕೈಗೆ ಒಂದು ಕಾಸೂ ಬರುವುದಿಲ್ಲ. ಜೈಲಿಗೆ ಹೋದರೆ ಯುವಕರು ದುಡಿಯುವುದೇ ನಿಲ್ಲುತ್ತದೆ. ಆಗ ನಷ್ಟ ತುಂಬಿಕೊಡುವ ದಾರಿಯೂ ಮುಚ್ಚುತ್ತದೆ. ಸಾದಾ ಪ್ರೊಬೇಷನ್ ಆದರೆ ಅವರು ಅಧಿಕಾರಿಯೊಬ್ಬರ ಮುಂದೆ ಆಗಾಗ ಬಂದು ನಿಲ್ಲುತ್ತಾರೆ, ಅಷ್ಟೇ. ಮೂರರಲ್ಲಿ ಯಾವುದಾದರೂ ಸರಿ, ಯುವಕರು ತಮ್ಮಿಂದ ಹಾನಿಗೊಳಗಾದವರ ಮುಖವನ್ನು ಒಮ್ಮೆಯೂ ನೋಡದೆ ಪ್ರಕರಣ ಮುಗಿಯುತ್ತಿತ್ತು.

ನೊಂದವರ ಕಡೆಯಿಂದ ನೋಡಿದರೆ ಸಮಸ್ಯೆ ಇನ್ನೂ ಆಳ. ರಾತ್ರಿ ಮಲಗಿದ್ದಾಗ ಮನೆಯ ಕಿಟಕಿಗೆ ಕಲ್ಲು ಬೀಳುತ್ತದೆ. ಬೆಳಗ್ಗೆ ಎದ್ದರೆ ಕಾರಿನ ಟಯರ್ ಸೀಳಿದೆ. ಮೊದಲು ಏಳುವ ಪ್ರಶ್ನೆ ಹಣದ್ದಲ್ಲ. ‘ನಮ್ಮ ಮನೆಯನ್ನೇ ಯಾಕೆ ಹುಡುಕಿಕೊಂಡು ಬಂದರು? ನಮ್ಮ ಮೇಲೆ ಯಾರಿಗೆ ದ್ವೇಷ? ಮತ್ತೆ ಬರುತ್ತಾರಾ?’ ಈ ಪ್ರಶ್ನೆಗಳಿಗೆ ಉತ್ತರ ಗೊತ್ತಿದ್ದವರು ಇಬ್ಬರೇ, ಆ ಯುವಕರು. ನಿಜವಾದ ಉತ್ತರವೂ ಸರಳವಾಗಿತ್ತು: ಯಾರನ್ನೂ ಗುರಿಯಿಟ್ಟು ಮಾಡಿದ್ದಲ್ಲ, ಕಂಡಕಂಡದ್ದನ್ನು ಒಡೆದರು. ಆದರೆ ತಪ್ಪೊಪ್ಪಿಗೆ ಆದ ಮೇಲೆ ಕೋರ್ಟಿನಲ್ಲಿ ಇದನ್ನು ಕೇಳುವವರು ಯಾರು? ಸಾಕ್ಷಿ ಹೇಳಲು ಕೂಡ ನೊಂದವರನ್ನು ಕರೆಯುವುದಿಲ್ಲ. ತಪ್ಪು ಒಪ್ಪಿಕೊಂಡಷ್ಟೂ ನೊಂದವರು ಪ್ರಕರಣದಿಂದ ದೂರ ಉಳಿಯುತ್ತಾರೆ. ಇದು ಅಂದಿನ ಒಂಟಾರಿಯೋದ ಕಥೆ ಮಾತ್ರವಲ್ಲ. ತಪ್ಪೊಪ್ಪಿಗೆಯ ಮೇಲೆ ನಡೆಯುವ ಹಲವು ವ್ಯವಸ್ಥೆಗಳಲ್ಲಿ ಇರುವ ಕೊರತೆ ಇದು.

ನಷ್ಟದ ಲೆಕ್ಕವೂ ಸರಿಯಾಗಿ ಯಾರ ಹತ್ತಿರವೂ ಇರಲಿಲ್ಲ. ಆರೋಪ ಪಟ್ಟಿಯಲ್ಲಿ ಏನೇನು ಹಾಳಾಯಿತು ಎಂದಿತ್ತು. ಯಾರಿಗೆ ವಿಮೆಯಿಂದ ಎಷ್ಟು ಬಂತು, ಯಾರು ಕೈಯಿಂದ ಎಷ್ಟು ಹಾಕಿದರು ಎಂಬುದು ಅವರವರನ್ನು ಕೇಳದೆ ಗೊತ್ತಾಗುವ ಸಂಗತಿಯಲ್ಲ.

ವರದಿಯ ಜೊತೆ ಹೋದ ಪತ್ರ

ಶಿಕ್ಷೆಗೆ ಮುಂಚೆ ಪ್ರೊಬೇಷನ್ ಅಧಿಕಾರಿ ಕೋರ್ಟಿಗೆ ಒಂದು ವರದಿ ಕೊಡಬೇಕು. ತಪ್ಪಿತಸ್ಥನ ಮನೆ, ಓದು, ಕೆಲಸ, ಸ್ವಭಾವ ಇವೆಲ್ಲ ಅದರಲ್ಲಿರುತ್ತವೆ. ಈ ಪ್ರಕರಣದ ವರದಿ ಬರೆಯಬೇಕಿದ್ದ ಅಧಿಕಾರಿ ಇನ್ನೂ ಯುವಕರು. ಮೆನ್ನೊನೈಟ್ ಎಂಬ ಕ್ರೈಸ್ತ ಪಂಗಡಕ್ಕೆ ಸೇರಿದವರು. ಶಾಂತಿ, ಸಂಧಾನ ಆ ಪಂಗಡದವರಿಗೆ ನಂಬಿಕೆಯ ಮಾತು.

ಆ ದಿನಗಳಲ್ಲಿ ಅಪರಾಧದ ಬಗ್ಗೆ ತಮ್ಮ ಸಮುದಾಯ ಏನು ಮಾಡಬಹುದು ಎಂದು ಕೆಲವರು ಕೂತು ಚರ್ಚಿಸುತ್ತಿದ್ದರು. ಅಂಥ ಒಂದು ಸಭೆಯಲ್ಲಿ ಅಧಿಕಾರಿ ತಮಗೆ ಹೊಳೆದದ್ದನ್ನು ಹೇಳಿದರು. ಈ ಇಬ್ಬರು ಯುವಕರು ಹಾನಿಗೊಳಗಾದವರನ್ನು ನೇರವಾಗಿ ಭೇಟಿಯಾದರೆ ಎಷ್ಟು ಚೆನ್ನಾಗಿರುತ್ತದಲ್ವಾ? ಹೇಳಿದ ಮೇಲೆ ಅವರೇ ಹಿಂಜರಿದರು. ಇದಕ್ಕೆ ಕಾನೂನಿನಲ್ಲಿ ಪೂರ್ವನಿದರ್ಶನ ಇರಲಿಲ್ಲ. ನ್ಯಾಯಾಧೀಶರು ಏನಂದುಕೊಳ್ಳುತ್ತಾರೋ ಎಂಬ ಅಳುಕೂ ಇತ್ತು. ದಿನವೂ ಅದೇ ಕೋರ್ಟಿನಲ್ಲಿ ಕೆಲಸ ಮಾಡುವವರಿಗೆ ಅಲ್ಲಿ ಗಳಿಸಿದ ಹೆಸರು ದೊಡ್ಡ ಆಸ್ತಿ. ಅದನ್ನು ಪಣಕ್ಕಿಡುವುದು ಸುಲಭವಲ್ಲ.

ಸಭೆಯಲ್ಲಿದ್ದ ಸಂಗಡಿಗರೊಬ್ಬರು ಬಿಡಲಿಲ್ಲ. ಆಗುವುದಿಲ್ಲ ಎಂಬುದರಿಂದ ಶುರು ಮಾಡುವುದು ಬೇಡ, ಆಗಬಹುದಾದದ್ದನ್ನು ಯೋಚಿಸೋಣ ಎಂದು ಒತ್ತಾಯಿಸಿದರು. ಕೊನೆಗೆ ಅಧಿಕಾರಿ ವರದಿಯ ಜೊತೆಗೆ ಒಂದು ಪತ್ರ ಇಟ್ಟರು. ನೊಂದವರನ್ನು ಎದುರಿಗೆ ಕಾಣುವುದರಿಂದ ಈ ಯುವಕರ ಮನಸ್ಸಿಗೆ ಒಳ್ಳೆಯದಾಗಬಹುದು ಎಂಬುದು ಅದರ ತಿರುಳು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಪತ್ರದ ವಾದ ತಪ್ಪಿತಸ್ಥರ ಒಳಿತಿನ ಸುತ್ತ ಇತ್ತು. ಪ್ರೊಬೇಷನ್ ಅಧಿಕಾರಿಯ ಕೆಲಸವೇ ಅದು, ಹಾಗಾಗಿ ಸಹಜ. ಆದರೆ ಸರಿಪಡಿಸುವ ನ್ಯಾಯ ಎಂದು ಇಂದು ನಾವು ಕರೆಯುವುದರ ಕೇಂದ್ರದಲ್ಲಿ ನೊಂದವರ ಅಗತ್ಯ ಇದೆ. ಎಲ್ಮೈರಾದಲ್ಲಿ ಆ ಕೇಂದ್ರ ಮೊದಲ ದಿನದಿಂದ ಇರಲಿಲ್ಲ. ಬಾಗಿಲು ತಟ್ಟಲು ಹೊರಟ ಮೇಲೆ ಅದು ಕಂಡಿತು. ಇಂಥ ಕಾರ್ಯಕ್ರಮ ಹೊಸದಾಗಿ ಶುರು ಮಾಡುವವರು ಈ ಎಳೆಯನ್ನು ಗಮನಿಸಬೇಕು. ಪ್ರೊಬೇಷನ್ ಇಲಾಖೆಯಿಂದ ಹುಟ್ಟಿದ ಕಾರ್ಯಕ್ರಮ ಸುಲಭವಾಗಿ ತಪ್ಪಿತಸ್ಥನ ಸುಧಾರಣೆಯ ಕಡೆಗೇ ವಾಲುತ್ತದೆ. ನೊಂದವರು ಅದರಲ್ಲಿ ಬರೀ ಸಾಧನವಾಗಿಬಿಡುವ ಅಪಾಯ ಇದೆ.

ನ್ಯಾಯಾಧೀಶರ ನಿರ್ಧಾರ

ನ್ಯಾಯಾಧೀಶರ ಮೊದಲ ಪ್ರತಿಕ್ರಿಯೆ ‘ಆಗುವುದಿಲ್ಲ’ ಎಂಬುದೇ ಆಗಿತ್ತು. ಅಧಿಕಾರಿ ನಿರೀಕ್ಷಿಸಿದ್ದೂ ಅದನ್ನೇ. ಆದರೆ ಶಿಕ್ಷೆ ಹೇಳುವ ದಿನ ಬಂದಾಗ ನ್ಯಾಯಾಧೀಶರು ಎಲ್ಲರಿಗೂ ಆಶ್ಚರ್ಯವಾಗುವಂತೆ ಪ್ರಕರಣವನ್ನು ಒಂದು ತಿಂಗಳು ಮುಂದೂಡಿದರು. ಆ ಅವಧಿಯಲ್ಲಿ ಯುವಕರು ನೊಂದವರನ್ನು ಭೇಟಿಯಾಗಬೇಕು, ಯಾರಿಗೆ ಎಷ್ಟು ನಷ್ಟವಾಗಿದೆ ಎಂದು ತಿಳಿದು ಬರಬೇಕು. ಅಧಿಕಾರಿ ಮತ್ತು ಆ ಸಂಗಡಿಗ ಜೊತೆಗಿರಬೇಕು.

ಇಡೀ ಪ್ರಕರಣದ ತಿರುವು ಇದೇ ಎಂದು ನನ್ನ ಅಭಿಪ್ರಾಯ. ನ್ಯಾಯಾಧೀಶರು ಇಲ್ಲದ ಅಧಿಕಾರವನ್ನೇನೂ ಬಳಸಲಿಲ್ಲ. ಶಿಕ್ಷೆಗೆ ಮುಂಚೆ ಪ್ರಕರಣ ಮುಂದೂಡುವ ಅಧಿಕಾರ ಕೋರ್ಟಿಗೆ ಮೊದಲೇ ಇತ್ತು. ನಿಜವಾಗಿ ಆದ ನಷ್ಟವನ್ನು ತುಂಬಿಕೊಡಬೇಕೆಂದು ಪ್ರೊಬೇಷನ್ ಆದೇಶದಲ್ಲಿ ಷರತ್ತು ಹಾಕಲು ಕೆನಡಾದ ಕ್ರಿಮಿನಲ್ ಸಂಹಿತೆ ಅವಕಾಶ ಕೊಟ್ಟಿತ್ತು. ನಷ್ಟ ಎಷ್ಟು ಎಂದು ಗೊತ್ತಿಲ್ಲದೆ ಆ ಷರತ್ತು ಹಾಕುವುದು ಹೇಗೆ? ಗೊತ್ತುಮಾಡಿಕೊಳ್ಳಲು ಸಮಯ ಬೇಕು. ಆ ಸಮಯದಲ್ಲಿ ಲೆಕ್ಕ ತರುವ ಕೆಲಸವನ್ನು ಪೊಲೀಸರಿಗೋ ಗುಮಾಸ್ತರಿಗೋ ಕೊಡದೆ ತಪ್ಪು ಮಾಡಿದವರಿಗೇ ಕೊಟ್ಟರು. ಹೊಸದಿದ್ದದ್ದು ಇಷ್ಟೇ. ಕಾನೂನು ತಿದ್ದುಪಡಿಗೆ ಕಾಯಲಿಲ್ಲ. ಹಳೆಯ ಎರಡು ಅಧಿಕಾರಗಳನ್ನು ಜೋಡಿಸಿದರು.

ಅಷ್ಟೇ ಮುಖ್ಯವಾದದ್ದು ಅವರು ಕೈಬಿಡದೆ ಉಳಿಸಿಕೊಂಡದ್ದು. ಶಿಕ್ಷೆಯ ಅಧಿಕಾರವನ್ನು ಅವರು ಬೇರೆ ಯಾರಿಗೂ ಕೊಡಲಿಲ್ಲ. ಪ್ರಕರಣ ಕೋರ್ಟಿನ ಹೊರಗೆ ರಾಜಿಯಾಗಿ ಮುಗಿಯಲಿಲ್ಲ. ಯುವಕರು ತಿಂಗಳ ನಂತರ ಅದೇ ಕೋರ್ಟಿಗೆ ಮರಳಿ ಬರಬೇಕಿತ್ತು. ಭೇಟಿ ಚೆನ್ನಾಗಿ ನಡೆದರೂ ಕೆಟ್ಟರೂ ಕೊನೆಯ ಮಾತು ಕೋರ್ಟಿನದೇ. ‘ಕ್ಷಮೆ ಕೇಳಿ ತಪ್ಪಿಸಿಕೊಂಡರು’ ಎಂಬ ದೂರಿಗೆ ಇಲ್ಲಿ ಜಾಗ ಇಲ್ಲದಿರುವುದು ಈ ಕಾರಣದಿಂದ. ಬಲಶಾಲಿಗಳ ಒತ್ತಡಕ್ಕೆ ಸಿಕ್ಕಿ ಆಗುವ ರಾಜಿಗೂ ಇದಕ್ಕೂ ಇರುವ ವ್ಯತ್ಯಾಸವೂ ಅದೇ. ಈ ವ್ಯತ್ಯಾಸ ಮರೆತರೆ ಸರಿಪಡಿಸುವ ನ್ಯಾಯದ ಹೆಸರಿನಲ್ಲಿ ಅನ್ಯಾಯವೂ ನಡೆದುಹೋಗಬಹುದು.

ಬಾಗಿಲು ತಟ್ಟಿದ್ದು

ಇಂದಿನ ಕ್ರಮದಲ್ಲಿ ಇಂಥ ಭೇಟಿಗೆ ಮುಂಚೆ ಬಹಳ ತಯಾರಿ ನಡೆಯುತ್ತದೆ. ನೊಂದವರ ಜೊತೆ ಒಬ್ಬರು ಮೊದಲೇ ಮಾತಾಡುತ್ತಾರೆ. ಬರುವುದಕ್ಕೆ ಇಷ್ಟ ಇದೆಯೇ, ಏನು ಕೇಳಬೇಕೆಂದಿದೆ, ಜೊತೆಗೆ ಯಾರಿರಬೇಕು ಎಂದು ವಿಚಾರಿಸುತ್ತಾರೆ. ತಪ್ಪಿತಸ್ಥನ ಜೊತೆಗೂ ಬೇರೆಯಾಗಿ ಕೂರುತ್ತಾರೆ. ಆಮೇಲೆ ಇಬ್ಬರಿಗೂ ಒಪ್ಪಿಗೆಯಾದ ಜಾಗದಲ್ಲಿ ಭೇಟಿ.

ಎಲ್ಮೈರಾದಲ್ಲಿ ಇದ್ಯಾವುದೂ ಇರಲಿಲ್ಲ. ಯುವಕರು ನೇರ ಮನೆಬಾಗಿಲಿಗೆ ಹೋಗಿ ತಟ್ಟಿದರು. ಅಧಿಕಾರಿ ಮತ್ತು ಸಂಗಡಿಗ ಪಕ್ಕದಲ್ಲಿ ನೋಟ್‌ಬುಕ್ ಹಿಡಿದು ನಿಂತರು. ಮಾತಾಡಬೇಕಾದವರು ಯುವಕರೇ. ಆ ರಾತ್ರಿ ಇಲ್ಲಿ ಹಾಳುಮಾಡಿದ್ದು ನಾವು ಎಂದು ಹೇಳಬೇಕು. ಕ್ಷಮೆ ಕೇಳಬೇಕು. ಅವರು ಹೇಳುವುದನ್ನು ಕೇಳಿಸಿಕೊಳ್ಳಬೇಕು. ನಷ್ಟ ಎಷ್ಟು, ವಿಮೆಯಿಂದ ಎಷ್ಟು ಬಂತು ಎಂದು ಬರೆದುಕೊಳ್ಳಬೇಕು. ಇನ್ನೊಂದು ಮಾತನ್ನೂ ತಿಳಿಸಬೇಕಿತ್ತು: ನಿಮ್ಮನ್ನೇ ಗುರಿಯಿಟ್ಟು ಮಾಡಿದ್ದಲ್ಲ.

ಊರು ಬಿಟ್ಟುಹೋಗಿದ್ದವರನ್ನು ಬಿಟ್ಟು ಉಳಿದವರನ್ನೆಲ್ಲ ಭೇಟಿಯಾದರು. ಪ್ರತಿಕ್ರಿಯೆ ಒಂದೇ ಥರ ಇರಲಿಲ್ಲ. ಕೆಲವರು ಕ್ಷಮಿಸಿದೆವು ಎಂದರು. ಇನ್ನು ಕೆಲವರಿಗೆ ಇವರನ್ನು ಹಿಡಿದು ನಾಲ್ಕು ಬಾರಿಸಬೇಕು ಎನ್ನುವಷ್ಟು ಸಿಟ್ಟಿತ್ತು. ಇಬ್ಬರಲ್ಲಿ ಒಬ್ಬ ಎಷ್ಟೋ ವರ್ಷಗಳ ನಂತರ ಇದರ ಬಗ್ಗೆ ಸಾರ್ವಜನಿಕವಾಗಿ ಮಾತಾಡಿದಾಗ, ಜೀವನದಲ್ಲಿ ಮಾಡಿದ ಅತಿ ಕಷ್ಟದ ಕೆಲಸಗಳಲ್ಲಿ ಅದೊಂದು ಎಂದ.

ಯಾಕೆ ಅಷ್ಟು ಕಷ್ಟ? ಕೋರ್ಟಿನಲ್ಲಿ ತಪ್ಪು ಒಪ್ಪಿಕೊಳ್ಳುವುದು ಒಂದು ಮಾತಿನ ಕೆಲಸ. ವಕೀಲರು ಪಕ್ಕದಲ್ಲಿರುತ್ತಾರೆ, ಭಾಷೆ ಕಾನೂನಿನದ್ದು, ಎದುರಿಗೆ ಕೂತವರಿಗೆ ನಿಮ್ಮಿಂದ ಏನೂ ನೋವಾಗಿಲ್ಲ. ಮನೆಬಾಗಿಲಲ್ಲಿ ಇಂಥ ಯಾವ ಮರೆಯೂ ಇಲ್ಲ. ಬಾಗಿಲು ತೆರೆದವರು ಕೋಪದಿಂದ ಕೂಗಬಹುದು, ಅಳಬಹುದು, ಮುಖಕ್ಕೆ ಬಾಗಿಲು ಹಾಕಬಹುದು. ಅದೂ ಒಂದು ಮನೆಯಲ್ಲಿ ಮುಗಿಯುವುದಿಲ್ಲ. ಒಂದು ಬಾಗಿಲಲ್ಲಿ ಬೈಸಿಕೊಂಡು ಮುಂದಿನ ಬಾಗಿಲಿಗೆ ನಡೆಯಬೇಕು. ಇಂಥ ಶಿಕ್ಷೆಯನ್ನು ಮೃದು ಎನ್ನುವವರು ಈ ಭಾಗವನ್ನು ಮತ್ತೊಮ್ಮೆ ಯೋಚಿಸಬೇಕು.

ಯುವಕರಿಗೆ ಅದುವರೆಗೆ ಗೊತ್ತಿದ್ದದ್ದು ಒಡೆದ ವಸ್ತುಗಳು ಮಾತ್ರ. ಆ ವಸ್ತುಗಳ ಹಿಂದೆ ಯಾರಿದ್ದಾರೆ ಎಂಬುದು ಬಾಗಿಲು ತೆರೆದಾಗಲೇ ಗೊತ್ತಾದದ್ದು. ವಸ್ತು ಒಡೆದ ಅಪರಾಧಗಳಲ್ಲಿ ಇದು ವಿಶೇಷವಾಗಿ ಮುಖ್ಯ ಎಂದು ನನಗನಿಸುತ್ತದೆ. ಹೊಡೆದವನಿಗೆ ತಾನು ಯಾರನ್ನು ಹೊಡೆದೆ ಎಂಬುದು ಗೊತ್ತಿರುತ್ತದೆ. ಕತ್ತಲಲ್ಲಿ ಕಲ್ಲು ತೂರಿದವನಿಗೆ ಆ ಅರಿವೂ ಇರುವುದಿಲ್ಲ. ‘ಯಾರಿಗೂ ಏನೂ ಆಗಿಲ್ಲ, ಗಾಜು ತಾನೇ’ ಎಂದು ತನಗೆ ತಾನೇ ಹೇಳಿಕೊಳ್ಳುವುದು ಸುಲಭ. ವಿಮೆ ಇದ್ದರಂತೂ ಆ ಮಾತು ಇನ್ನೂ ಸುಲಭ.

ಆದೇಶ, ಹಣ

ತಿಂಗಳ ನಂತರ ಯುವಕರು ಲೆಕ್ಕದೊಂದಿಗೆ ಕೋರ್ಟಿಗೆ ಬಂದರು. ಒಟ್ಟು ನಷ್ಟ ಸುಮಾರು 2,200 ಡಾಲರ್. ಅದರಲ್ಲಿ ಹೆಚ್ಚುಕಡಿಮೆ ಅರ್ಧ ವಿಮೆಯಿಂದ ಬಂದಿತ್ತು. ಉಳಿದರ್ಧ ಜನರ ಕೈಯಿಂದ ಹೋದದ್ದು. ನ್ಯಾಯಾಧೀಶರು ಒಬ್ಬೊಬ್ಬರಿಗೆ 200 ಡಾಲರ್ ದಂಡ, 18 ತಿಂಗಳ ಪ್ರೊಬೇಷನ್, ಜೊತೆಗೆ ತಲಾ 550 ಡಾಲರ್‌ವರೆಗೆ ನಷ್ಟ ಪರಿಹಾರ ಎಂದು ಆದೇಶಿಸಿದರು. ಜೈಲು ಇರಲಿಲ್ಲ.

ಮೊತ್ತಗಳನ್ನು ಒಮ್ಮೆ ಜೋಡಿಸಿ ನೋಡಿ. ಇಬ್ಬರ 550 ಸೇರಿದರೆ 1,100. ವಿಮೆ ಕಳೆದು ಉಳಿದ ನಷ್ಟಕ್ಕೆ ಅದು ಹೊಂದುತ್ತದೆ. ಅಂದರೆ ಬಾಗಿಲು ಬಾಗಿಲಿಗೆ ಹೋಗಿ ಬರೆದುಕೊಂಡ ಅಂಕಿಯೇ ಆದೇಶದೊಳಗೆ ಹೋಯಿತು. ಅಂದಾಜಿನ ದಂಡವಲ್ಲ ಇದು. ಯಾರಿಗೆ, ಎಷ್ಟು, ಯಾಕೆ ಎಂಬುದು ಕೊಡುವವರಿಗೂ ಪಡೆಯುವವರಿಗೂ ಗೊತ್ತಿದ್ದ ಹಣ.

ಕೆಲವು ತಿಂಗಳಲ್ಲಿ ಯುವಕರು ಆ ಹಣ ಹೊಂದಿಸಿದರು. ಮತ್ತೆ ಅದೇ ಬಾಗಿಲುಗಳಿಗೆ ಹೋಗಿ ಚೆಕ್‌ಗಳನ್ನು ಕೈಯಾರೆ ಕೊಟ್ಟರು. ಮೊದಲ ಭೇಟಿಯಲ್ಲಿ ಕೊಟ್ಟದ್ದು ಬರೀ ಮಾತು. ಎರಡನೆಯದರಲ್ಲಿ ಆ ಮಾತು ನಡೆಯಿತು. ಈ ಎರಡನೆಯ ಭೇಟಿಯ ಬಗ್ಗೆ ಯಾರೂ ಹೆಚ್ಚು ಬರೆಯುವುದಿಲ್ಲ. ನೊಂದವರ ಕಣ್ಣಿನಿಂದ ನೋಡಿದರೆ ಮೊದಲನೆಯದಕ್ಕಿಂತ ಅದೇ ಹೆಚ್ಚು ತೂಕದ್ದು ಎಂದು ನನಗನಿಸುತ್ತದೆ. ಕ್ಷಮೆ ಕೇಳಿದ ಕೂಡಲೇ ನಂಬಲೇಬೇಕೆಂದಿಲ್ಲ. ಶಿಕ್ಷೆ ಬಾಕಿಯಿದ್ದಾಗ ಯಾರಾದರೂ ಕ್ಷಮೆ ಕೇಳುತ್ತಾರೆ. ಶಿಕ್ಷೆ ಆದ ಮೇಲೂ ಬಂದರೆ ಅದರ ಅರ್ಥ ಬೇರೆ.

ಆಮೇಲೆ ಆದದ್ದು

ಕಿಚನರ್‌ನಲ್ಲಿ ಈ ಅನುಭವದ ಮೇಲೆ, ನೊಂದವರು ಮತ್ತು ತಪ್ಪಿತಸ್ಥರನ್ನು ಭೇಟಿ ಮಾಡಿಸುವ ಕಾರ್ಯಕ್ರಮ ಬೆಳೆಯಿತು. 1978ರಲ್ಲಿ ಅಮೆರಿಕದ ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್‌ನಲ್ಲಿ ಅದೇ ಮಾದರಿ ಶುರುವಾಯಿತು. ಅಲ್ಲಿಂದ ಬೇರೆ ಕಡೆಗೆ ಹರಡಿತು. ಕೆನಡಾ 1996ರಲ್ಲಿ ತನ್ನ ಕ್ರಿಮಿನಲ್ ಸಂಹಿತೆಯ ಶಿಕ್ಷೆಯ ಉದ್ದೇಶಗಳನ್ನು ಬರೆದಾಗ, ನೊಂದವರಿಗೂ ಸಮುದಾಯಕ್ಕೂ ಆದ ಹಾನಿಯನ್ನು ತುಂಬಿಕೊಡುವುದು, ತಪ್ಪಿತಸ್ಥರಲ್ಲಿ ಹೊಣೆಗಾರಿಕೆ ಹುಟ್ಟಿಸುವುದು ಅವುಗಳಲ್ಲಿ ಸೇರಿದವು. ನ್ಯೂಜಿಲೆಂಡ್ ಇನ್ನೂ ಮುಂದೆ ಹೋಯಿತು. ಅಲ್ಲಿನ 2002ರ ಶಿಕ್ಷೆ ಕಾಯ್ದೆಯ ಪ್ರಕಾರ, ಇಂಥ ಭೇಟಿ ನಡೆದಿದ್ದರೆ ಅದರ ಫಲವನ್ನು ಕೋರ್ಟು ಶಿಕ್ಷೆ ಹೇಳುವಾಗ ಪರಿಗಣಿಸಲೇಬೇಕು. 2014ರಲ್ಲಿ ಇನ್ನೊಂದು ನಿಯಮ ಬಂತು. ಜಿಲ್ಲಾ ನ್ಯಾಯಾಲಯದಲ್ಲಿ ತಪ್ಪೊಪ್ಪಿಗೆಯಾಗಿ, ನೊಂದವರು ಇರುವ ಪ್ರಕರಣಗಳಲ್ಲಿ, ಭೇಟಿ ಸಾಧ್ಯವೇ ಎಂದು ವಿಚಾರಿಸಲು ಶಿಕ್ಷೆಗೆ ಮುಂಚೆ ಪ್ರಕರಣ ಮುಂದೂಡಬೇಕು. ಎಲ್ಮೈರಾದ ನ್ಯಾಯಾಧೀಶರು ತಮ್ಮ ವಿವೇಚನೆಯಿಂದ ಒಮ್ಮೆ ಮಾಡಿದ್ದನ್ನು ಇಲ್ಲಿ ಕಾನೂನೇ ವಾಡಿಕೆಯಾಗಿ ಮಾಡಿತು.

ಯುವಕರಲ್ಲಿ ಒಬ್ಬನ ಮುಂದಿನ ಕಥೆ ದಾಖಲಾಗಿದೆ. ಅವನು 15ನೇ ವಯಸ್ಸಿನ ಹೊತ್ತಿಗೆ ತಂದೆತಾಯಿ ಇಬ್ಬರನ್ನೂ ಕಳೆದುಕೊಂಡಿದ್ದ. ಮಾದಕ ವಸ್ತುಗಳ ಅಭ್ಯಾಸ ಇತ್ತು. ಪ್ರಕರಣ ಮುಗಿದ ಮೇಲೆ ಸಾಧಾರಣ ಜೀವನ ನಡೆಸಿದ. ಸುಮಾರು 3 ದಶಕ ಕಳೆದ ಮೇಲೆ, ನಡುವಯಸ್ಸಿನಲ್ಲಿ, ಕಾನೂನು ಮತ್ತು ಭದ್ರತೆಗೆ ಸಂಬಂಧಿಸಿದ ಕೋರ್ಸ್ ಒಂದಕ್ಕೆ ಕಾಲೇಜು ಸೇರಿದ. ಅಲ್ಲಿ ಪಾಠಕ್ಕೆ ಬಂದ ಅತಿಥಿಯೊಬ್ಬರು ಎಲ್ಮೈರಾ ಪ್ರಕರಣದ ಬಗ್ಗೆ ಮಾತಾಡಿದರು. ಅದು ತನ್ನದೇ ಪ್ರಕರಣ ಎಂದು ಅವನಿಗೆ ಆಗ ತಿಳಿಯಿತು. ತಾನು ಒಂದು ದೊಡ್ಡ ಬದಲಾವಣೆಯ ಮೊದಲ ಹೆಜ್ಜೆಯಲ್ಲಿದ್ದೆ ಎಂಬುದು ಅಷ್ಟು ವರ್ಷ ಅವನಿಗೆ ಗೊತ್ತೇ ಇರಲಿಲ್ಲ. ಮುಂದೆ ಅದೇ ಊರ ಕಡೆಯ ಸಂಸ್ಥೆಯಲ್ಲಿ ಸ್ವಯಂಸೇವಕನಾಗಿ ಮಧ್ಯಸ್ಥಿಕೆಯ ಕೆಲಸ ಮಾಡಿದ, ತನ್ನ ಕಥೆಯನ್ನು ಊರೂರಲ್ಲಿ ಹೇಳಿದ.

ಈ ಕಥೆ ಕೇಳಿದರೆ ಮನಸ್ಸು ತುಂಬುತ್ತದೆ. ಆದರೆ ಅವನು ಬದಲಾದದ್ದು ಆ ಒಂದು ತಿಂಗಳಿಂದಲೇ ಎಂದು ಯಾರೂ ಸಾಬೀತು ಮಾಡಲಾರರು. ಒಬ್ಬನ ಜೀವನವನ್ನು ಇಡೀ ಪದ್ಧತಿಗೆ ಪ್ರಮಾಣಪತ್ರವಾಗಿ ಬಳಸುವುದು ಸರಿಯಲ್ಲ.

ಪ್ರಕರಣ ಕಲಿಸುವುದು

ಎಲ್ಲಕ್ಕಿಂತ ದೊಡ್ಡ ಕೊರತೆ ನೊಂದವರ ಒಪ್ಪಿಗೆಯದ್ದು. ಯಾರೋ ಬಾಗಿಲು ತಟ್ಟುತ್ತಾರೆ, ತೆರೆದರೆ ನಿಮ್ಮ ಮನೆಯ ಗಾಜು ಒಡೆದವರು ನಿಂತಿರುತ್ತಾರೆ. ಆ ಕ್ಷಣ ಬೇಡ ಎನ್ನುವ ಅವಕಾಶ ಇದ್ದರೂ ಅದು ತುಂಬಾ ಕಿರಿದು. ಒಬ್ಬರೇ ಇರುವ ವಯಸ್ಸಾದವರಿಗೆ ಆ ಭೇಟಿಯೇ ಹೊಸ ಭಯವಾಗಬಹುದಿತ್ತು. ಎಲ್ಮೈರಾದಲ್ಲಿ ಅಂಥದ್ದು ದೊಡ್ಡದಾಗಿ ಕೆಡಲಿಲ್ಲ. ಅದನ್ನು ಪದ್ಧತಿಯ ಗುಣ ಎನ್ನಲಾರೆ. ಜೊತೆಗೆ ನಿಂತಿದ್ದ ಇಬ್ಬರ ಸಂಯಮ ಅದಕ್ಕೆ ಕಾರಣವಿರಬಹುದು.

ಯುವಕರ ಒಪ್ಪಿಗೆಯೂ ಅಷ್ಟು ಸ್ವತಂತ್ರವಾಗಿರಲಿಲ್ಲ. ಶಿಕ್ಷೆ ಇನ್ನೂ ಬಾಕಿಯಿದೆ. ನ್ಯಾಯಾಧೀಶರೇ ಹೋಗಿ ಬನ್ನಿ ಎನ್ನುತ್ತಾರೆ. ಯಾರು ಇಲ್ಲ ಎನ್ನುತ್ತಾರೆ? ಶಿಕ್ಷೆಯ ಭಾಗವಾಗಿ ಇದನ್ನು ಬಳಸುವ ಎಲ್ಲ ಕಡೆ ಈ ಒತ್ತಡ ಇದ್ದೇ ಇರುತ್ತದೆ, ಪೂರ್ತಿ ತೆಗೆದುಹಾಕಲು ಆಗುವುದಿಲ್ಲ. ಮಿತಿಯಲ್ಲಿಡಬಹುದು ಅಷ್ಟೇ. ವಿಶ್ವಸಂಸ್ಥೆಯ ಆರ್ಥಿಕ ಮತ್ತು ಸಾಮಾಜಿಕ ಮಂಡಳಿ 2002ರಲ್ಲಿ ಇದರ ಬಗ್ಗೆ ಮೂಲ ತತ್ವಗಳನ್ನು ಹೊರತಂದಾಗ ಈ ಭಯಗಳೇ ಅದರ ಹಿಂದೆ ಇದ್ದವು. ಆ ತತ್ವಗಳ ಪ್ರಕಾರ ನೊಂದವರೂ ತಪ್ಪಿತಸ್ಥರೂ ತಾವಾಗಿಯೇ ಒಪ್ಪಿರಬೇಕು, ಯಾವ ಹಂತದಲ್ಲಾದರೂ ಹಿಂದೆ ಸರಿಯಬಹುದು. ಭಾಗವಹಿಸಿದ್ದನ್ನೇ ತಪ್ಪೊಪ್ಪಿಗೆಯ ಸಾಕ್ಷಿಯಾಗಿ ಮುಂದೆ ಬಳಸುವಂತಿಲ್ಲ. ಕೋರ್ಟಿನ ಆದೇಶವಲ್ಲದ ಒಪ್ಪಂದ ಈಡೇರಲಿಲ್ಲವೆಂದು ಶಿಕ್ಷೆ ಹೆಚ್ಚಿಸುವಂತಿಲ್ಲ. ಈ ನಿಯಮಗಳ ಅಳತೆಯಲ್ಲಿ ಎಲ್ಮೈರಾದ ಭೇಟಿಗಳು ಪಾಸಾಗುವುದಿಲ್ಲ. ಅದನ್ನು ಹೇಳುವುದರಿಂದ ಅಲ್ಲಿಯವರು ಮಾಡಿದ್ದು ಚಿಕ್ಕದಾಗುವುದಿಲ್ಲ. ಅವರು ಬರಿಗೈಯಲ್ಲಿ ಹೊರಟಿದ್ದರು, ನಮ್ಮ ಕೈಯಲ್ಲಿ ಈಗ ನಿಯಮ ಇದೆ. ಇಂದು ಯಾರಾದರೂ ಎಲ್ಮೈರಾವನ್ನೇ ನೆಪ ಮಾಡಿಕೊಂಡು ತಯಾರಿಯಿಲ್ಲದೆ ಬಾಗಿಲು ತಟ್ಟಿಸಿದರೆ ಅದು ತಪ್ಪು.

ಇನ್ನೊಂದು ಸಂಗತಿ ಹಣದ್ದು. ಈ ಯುವಕರು ದುಡಿದು 550 ಡಾಲರ್ ಕೊಡಬಲ್ಲವರಾಗಿದ್ದರು. ಕೊಡಲಾಗದವರು ಬಂದರೆ? ಪರಿಹಾರವೇ ಜೈಲು ತಪ್ಪಿಸುವ ದಾರಿ ಎಂದಾದರೆ ಹಣ ಇದ್ದವನು ಹೊರಗೆ, ಇಲ್ಲದವನು ಒಳಗೆ ಎಂದಾಗುತ್ತದೆ. ಕಂತಿನಲ್ಲಿ ಕಟ್ಟುವುದು, ನೊಂದವರು ಒಪ್ಪಿದರೆ ಕೆಲಸದ ರೂಪದಲ್ಲಿ ತೀರಿಸುವುದು, ಇಂಥ ದಾರಿಗಳನ್ನು ಆದೇಶದಲ್ಲೇ ತೆರೆದಿಡಬೇಕು. ಬಡವ ತನ್ನ ಬಡತನಕ್ಕಾಗಿ ಜಾಸ್ತಿ ಶಿಕ್ಷೆ ಅನುಭವಿಸುವಂತಾಗಬಾರದು.

ಹಿಂಸೆಯಿಲ್ಲದ ಅಪರಾಧಕ್ಕೆ ಮಾತ್ರ ಇದು ಸರಿ ಎಂಬ ಮಾತು ಬಹಳ ಕಡೆ ಕೇಳಿಬರುತ್ತದೆ. ಎಲ್ಮೈರಾದ ಪ್ರಭಾವವೂ ಇದಕ್ಕೆ ಕಾರಣವಿರಬೇಕು. ಸಣ್ಣ ಪ್ರಕರಣದಲ್ಲಿ ಶುರು ಮಾಡುವುದು ಜಾಣತನ, ಕೆಟ್ಟರೂ ಹಾನಿ ಕಡಿಮೆ. ಆದರೆ ಅಧ್ಯಯನಗಳು ಹೇಳುವುದು ಅಷ್ಟು ನೇರವಾಗಿಲ್ಲ. ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ 1995ರಿಂದ 2000ದವರೆಗೆ ಪ್ರಕರಣಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪಾಗಿ ಹಂಚಿ, ಕೆಲವನ್ನು ಕೋರ್ಟಿಗೆ, ಕೆಲವನ್ನು ಮುಖಾಮುಖಿ ಸಭೆಗೆ ಕಳಿಸಿ ನೋಡಿದರು. ಹಿಂಸೆಯ ಅಪರಾಧ ಮಾಡಿದ ಯುವಕರಲ್ಲಿ ಮತ್ತೆ ಅಪರಾಧ ಮಾಡುವುದು ಇಳಿಯಿತು. ಆಸ್ತಿಗೆ ಸಂಬಂಧಿಸಿದ ಅಪರಾಧಗಳಲ್ಲಿ ಅಂಥ ಇಳಿಕೆ ಕಾಣಲಿಲ್ಲ. ಕೆನಡಾದ ನ್ಯಾಯ ಇಲಾಖೆಗಾಗಿ 2001ರಲ್ಲಿ ನಡೆದ ವಿಶ್ಲೇಷಣೆ 22 ಅಧ್ಯಯನಗಳನ್ನು ಒಟ್ಟಿಗೆ ನೋಡಿತು. ನೊಂದವರ ಸಮಾಧಾನ ಹೆಚ್ಚು, ಪರಿಹಾರ ಕಟ್ಟುವುದು ಹೆಚ್ಚು, ಮತ್ತೆ ಅಪರಾಧ ಮಾಡುವುದು ಕಡಿಮೆ ಎಂದು ಅದು ಕಂಡಿತು. ಜೊತೆಗೇ ಒಂದು ಎಚ್ಚರಿಕೆಯನ್ನೂ ಕೊಟ್ಟಿತು. ಇಷ್ಟಪಟ್ಟು ಬಂದವರೇ ಇಂಥ ಕಾರ್ಯಕ್ರಮದಲ್ಲಿ ಇರುತ್ತಾರೆ, ಅವರು ಮೊದಲೇ ಬದಲಾಗಲು ತಯಾರಿದ್ದವರು ಆಗಿರಬಹುದು.

ಹಾಗಾದರೆ ಆಸ್ತಿಯ ಅಪರಾಧಗಳಲ್ಲಿ ಇದನ್ನು ಬಳಸಲು ಕಾರಣ ಏನು? ನನ್ನ ಮಟ್ಟಿಗೆ ಉತ್ತರ ನೊಂದವರ ಕಡೆ ಇದೆ. ಅವರಿಗೆ ಉತ್ತರ ಸಿಗುತ್ತದೆ, ಕ್ಷಮೆಯ ಮಾತು ಸಿಗುತ್ತದೆ, ನಷ್ಟದ ಹಣ ಸಿಗುತ್ತದೆ. ತಪ್ಪಿತಸ್ಥ ಸುಧಾರಿಸಿದರೆ ಅದು ಹೆಚ್ಚಿನ ಲಾಭ. ಸುಧಾರಿಸುತ್ತಾನೆ ಎಂಬ ಭರವಸೆಯ ಮೇಲೆಯೇ ಇಡೀ ಪದ್ಧತಿಯನ್ನು ಮಾರಿದರೆ, ಒಬ್ಬ ಮತ್ತೆ ಸಿಕ್ಕಿಬಿದ್ದ ದಿನ ಎಲ್ಲವೂ ಕುಸಿದುಬೀಳುತ್ತದೆ.

ನೊಂದವರು ಬರಲು ಒಪ್ಪದ ಪ್ರಕರಣಗಳೂ ಇರುತ್ತವೆ. ಆಗ ಒತ್ತಾಯಿಸದೆ ಬೇರೆ ದಾರಿ ನೋಡಬೇಕು. ಅವರು ಬಯಸಿದರೆ ಪತ್ರದ ಮೂಲಕ, ಇಲ್ಲವೇ ಮಧ್ಯಸ್ಥರ ಮೂಲಕ ಮಾತು ತಲುಪಿಸಬಹುದು. ಅದೂ ಬೇಡವೆಂದರೆ ಕೋರ್ಟು ನಷ್ಟದ ಲೆಕ್ಕವನ್ನು ಅಧಿಕಾರಿಯಿಂದ ತರಿಸಿ ಪರಿಹಾರ ಆದೇಶಿಸಬಹುದು. ಅವರು ಬರಲಿಲ್ಲ ಎಂಬ ಕಾರಣಕ್ಕೆ ತಪ್ಪಿತಸ್ಥನಿಗೂ ಜಾಸ್ತಿ ಶಿಕ್ಷೆ ಆಗಬಾರದು, ಅವರ ಪರಿಹಾರವೂ ಕಡಿಮೆಯಾಗಬಾರದು. ಒಪ್ಪುವವರಿದ್ದಾರೋ ಇಲ್ಲವೋ ಎಂದು ವಿಚಾರಿಸಲು ತಪ್ಪೊಪ್ಪಿಗೆಗೂ ಶಿಕ್ಷೆಗೂ ನಡುವೆ ಒಂದಿಷ್ಟು ದಿನ ಬೇಕು, ವಿಚಾರಿಸಲು ತರಬೇತಿ ಇರುವ ಒಬ್ಬರು ಬೇಕು. ಎಷ್ಟೋ ಕೋರ್ಟುಗಳಲ್ಲಿ ಇವೆರಡನ್ನು ಒದಗಿಸಲು ಹೊಸ ಕಾಯ್ದೆ ಬೇಕಾಗಲಿಕ್ಕಿಲ್ಲ. ಅಧಿಕಾರಿಯೊಬ್ಬರು ವರದಿಯ ಜೊತೆ ಪತ್ರ ಇಡಬೇಕು, ನ್ಯಾಯಾಧೀಶರು ಅದನ್ನು ಎರಡನೇ ಸಲ ಓದಬೇಕು.